ಹತ್ತೊಂಬತ್ತನೇ ಡಬ್ಬಿಯ ಹಾಡು

ರೀಲಣ್ಣನ ಅಂಗಡಿಯ ಬೀಗದ ಕೈ ಅವನ ಮಗಳ ಚೀಲ ಸೇರಿದ್ದು ಒಂದು ಮಂಗಳವಾರ, ಮಧ್ಯಾಹ್ನ ಮೂರೂವರೆಗೆ. ಅದಕ್ಕೆ ಕಾರಣ ಒಂದು ಹಾಡು. ಆ ಹಾಡನ್ನು ರೆಕಾರ್ಡ್ ಮಾಡಿದವನು ರೀಲಣ್ಣನೇ ಎನ್ನುವುದಕ್ಕೆ ಡಬ್ಬಿಯ ಮೇಲೆ ಅವನದೇ ಅಕ್ಷರ, ಅವನದೇ ಸಹಿ ಇತ್ತು. ರೀಲಣ್ಣನಿಗೆ ಮಾತ್ರ ಅದನ್ನು ಜನ್ಮದಲ್ಲಿ ಒಮ್ಮೆಯಾದರೂ ಕೇಳಿದ ನೆನಪಿರಲಿಲ್ಲ.

ಅವನಿಗೆ ಅರವತ್ತೆಂಟು ವರ್ಷ. ಚಪ್ಪಲಿ ಹೊಲಿಯುವವನ ಗೂಡಿಗೂ ಜೆರಾಕ್ಸ್ ಅಂಗಡಿಗೂ ನಡುವೆ, ಮೆಟ್ಟಿಲ ಅಡಿಯಲ್ಲಿ, ಎಂಟಡಿ ಅಗಲದ ಅಂಗಡಿ. ಶಾಲೆಗಳ ಮೈಕು, ಸಭಾಂಗಣಗಳ ಆಂಪ್ಲಿಫೈಯರು, ಗೊರಗೊರ ಅನ್ನುವ ಸ್ಪೀಕರು ಅಲ್ಲಿಗೆ ರಿಪೇರಿಗೆ ಬರುತ್ತವೆ. ಮೇಲಿನ ಎರಡು ಕೋಣೆಯಲ್ಲಿ ಅವನ ವಾಸ. ಹೆಂಡತಿ ತೀರಿಕೊಂಡ ಮೇಲೆ ಅವನು ಮಾಡಿಕೊಂಡ ಒಂದೇ ಬದಲಾವಣೆ ಎಂದರೆ ಬೆಳಗ್ಗೆ ಒಂಬತ್ತರ ಬದಲು ಎಂಟಕ್ಕೇ ಕೆಳಗಿಳಿಯುವುದು. ಬೀಗ ತೆಗೆದು, ಸ್ಟೂಲಿನ ಮೇಲೆ ಕೂತು, ಬೆಸುಗೆ ಕಡ್ಡಿ ಬಿಸಿಗಿಟ್ಟು, ಮೊದಲ ಹೊಗೆ ಮೂಗಿಗೆ ಬಡಿದರೆ ಆ ದಿನ ಸರಿಯಾಗಿ ಶುರುವಾಯಿತು ಎಂದು ಲೆಕ್ಕ.

ರೀಲಣ್ಣ ಎಂಬ ಹೆಸರು ಬಂದದ್ದು ಇನ್ನೂ ಹಿಂದೆ. ಇಪ್ಪತ್ತೇಳನೇ ವಯಸ್ಸಿನಲ್ಲಿ ಅವನು ‘ನೀರಿನ ಗಡಿಯಾರ’ ಎಂಬ ಬ್ಯಾಂಡಿನ ಟೇಪು ನೋಡಿಕೊಳ್ಳುತ್ತಿದ್ದ. ನಾಲ್ಕು ಜನರ ತಂಡ: ಆರ್ಗನ್ನು, ಗಿಟಾರ್ ಹಿಡಿದ ಹಾಡುಗಾರ, ಬೇಸ್, ಡ್ರಮ್ಮು. ಅವರು ನುಡಿಸುತ್ತಿದ್ದುದಕ್ಕೆ ಪ್ರೊಗ್ರೆಸಿವ್ ರಾಕ್ ಎನ್ನುತ್ತಾರೆ. ಹಾಗಂದರೇನು ಎಂದು ಕೇಳಿದವರಿಗೆ ರೀಲಣ್ಣ ಹೇಳುತ್ತಿದ್ದುದು ಇಷ್ಟು: “ಒಲೆ ಮೇಲೆ ಅಡುಗೆ ಇಟ್ಟು ಹಾಡು ಹಾಕಿ. ಪಲ್ಲವಿ ಬರೋಷ್ಟ್ರಲ್ಲಿ ಊಟ ಮುಗಿದು ಪಾತ್ರೆನೂ ತೊಳೆದಿರ್ತೀರ.” ತಾಳ ಏಳಕ್ಕೆ ಶುರುವಾಗಿ ಹನ್ನೊಂದಕ್ಕೆ ಹಾರಿ, ಕೇಳುವವನು ಎಣಿಸಿ ಮುಗಿಸುವ ಮೊದಲೇ ಐದಕ್ಕೆ ಇಳಿಯುತ್ತಿತ್ತು. ಆದರೂ ಜನ ಮೆಚ್ಚಿದರು. ‘ಗಾಜಿನ ಮೆಟ್ಟಿಲು’ ಎಂಬ ಹತ್ತೊಂಬತ್ತು ನಿಮಿಷದ ಹಾಡಿನ ಮೊದಲ ಸಾಲನ್ನು ಈಗಲೂ ಬಸ್ಸಿನಲ್ಲಿ ಯಾರಾದರೂ ಗುನುಗುವುದು ಕೇಳಿಸುತ್ತದೆ. ಆರು ವರ್ಷ, ನಾಲ್ಕು ರೆಕಾರ್ಡು. ಆಮೇಲೆ ಎಲ್ಲರೂ ಮದುವೆಯಾದರು, ಬ್ಯಾಂಡು ಮುಗಿಯಿತು. ಇಪ್ಪತ್ತಮೂರು ರೀಲು, ಒಂದೊಂದೂ ಅದರ ಡಬ್ಬಿಯಲ್ಲಿ, ರೀಲಣ್ಣನ ಮಂಚದ ಕೆಳಗೆ ಉಳಿದವು. ಕಳೆದ ವರ್ಷ ಹಾಡಿನ ಕಂಪನಿಯವರು ಬಂದು ಅವನ್ನು ಒಯ್ದಾಗ, ಮಂಚದ ಕೆಳಗೆ ಗುಡಿಸಲು ಎಷ್ಟೊಂದು ಜಾಗವಿದೆ ಎಂದು ಅವನಿಗೆ ಗೊತ್ತಾಯಿತು.

ಆ ಮಂಗಳವಾರ ಬಂದವಳು ಕಂಪನಿಯ ಸಂಪಾದಕಿ. ಮೂವತ್ತೈದರ ಆಸುಪಾಸು, ಮಾತು ಚುರುಕು. ಸ್ಪೀಕರುಗಳ ನಡುವೆ ಒಂದು ಸ್ಟೂಲು ಹುಡುಕಿಕೊಂಡು ಕೂತು ಲ್ಯಾಪ್‌ಟಾಪ್ ತೆರೆದಳು.

“ಎರಡು ಡಿಸ್ಕು ಸರ್. ಒಂದ್ರಲ್ಲಿ ಜನ ಮೆಚ್ಚಿದ ಎಂಟು ಹಾಡು. ಎರಡನೇದ್ರಲ್ಲಿ ಯಾರೂ ಕೇಳದೇ ಇರೋವು. ಅಭ್ಯಾಸ ಮಾಡಿದ್ದು, ಅರ್ಧಕ್ಕೆ ಬಿಟ್ಟಿದ್ದು, ಎಲ್ಲೂ ಬರದೇ ಇದ್ದಿದ್ದು. ಎರಡನೇದಕ್ಕೇ ಜನ ಕಾಯ್ತಿರೋದು. ಅದ್ರಲ್ಲೂ ನಿಮ್ಮ ಹತ್ತೊಂಬತ್ತನೇ ಡಬ್ಬಿ ಇದ್ಯಲ್ಲ, ಅಬ್ಬಾ!”

“ಏನಿದೆ ಅದ್ರಲ್ಲಿ?” ಎಂದ ರೀಲಣ್ಣ.

“ನೀವೇ ಹೇಳ್ಬೇಕು. ಚೀಟಿಯ ಕೆಳಗಿನ ಅರ್ಧ ಹುಳ ತಿಂದಿದೆ. ನಂಬರು, ತಾರೀಖು, ನಿಮ್ಮ ಸಹಿ ಅಷ್ಟೇ ಉಳ್ಕೊಂಡಿರೋದು. ಹಾಡಿನ ಹೆಸರಿಲ್ಲ.”

ಅವಳು ಹಾಡು ಹಾಕಿದಳು. ಆರ್ಗನ್ನಿನ ಸ್ವರಗಳು ಎಲ್ಲಿಂದಲೋ ಉಬ್ಬಿ ಉಬ್ಬಿ ಬಂದು, ತುದಿ ಮುಟ್ಟಿದ ಕೂಡಲೇ ಕತ್ತರಿಸಿದಂತೆ ನಿಂತುಹೋಗುತ್ತಿದ್ದವು. ಹಿಂದೆ ಗಿಟಾರು ಉಸಿರು ಒಳಗೆಳೆದುಕೊಂಡಂತೆ ಸದ್ದು ಮಾಡುತ್ತಿತ್ತು. ಡ್ರಮ್ಮಿಲ್ಲ. ಹನ್ನೊಂದು ನಿಮಿಷ ಹೀಗೇ ಸಾಗಿ, ಕೊನೆಯಲ್ಲಿ ಒಂದು ಗಂಡಸಿನ ದನಿ ಯಾವ ದೇಶದ್ದೋ ಗೊತ್ತಾಗದ ಭಾಷೆಯಲ್ಲಿ ನಾಲ್ಕು ಮಾತು ಗೊಣಗಿ ಮುಗಿಸಿತು.

“ಮೈ ಜುಂ ಅನ್ನತ್ತೆ ಅಲ್ವಾ?” ಎಂದಳು ಸಂಪಾದಕಿ. “ಪುಸ್ತಿಕೆಗೆ ಮೂರು ಸಾಲು ಬರ್ಕೊಡಿ ಸರ್. ಎಲ್ಲಿ ಮಾಡಿದ್ದು, ಯಾರ್ಯಾರು ನುಡಿಸಿದ್ದು, ಯಾಕೆ ಬಿಟ್ಟಿದ್ದು. ಸೋಮವಾರ ಅಚ್ಚಿಗೆ ಹೋಗತ್ತೆ.”

ರೀಲಣ್ಣ ಅವಳ ಮುಖ ನೋಡಿದ. ಪರದೆಯ ಮೇಲಿದ್ದ ಡಬ್ಬಿಯ ಚಿತ್ರ ನೋಡಿದ. ಅಕ್ಷರ ತನ್ನದೇ. ಒಂಬತ್ತನ್ನು ಹಾಗೆ ಬಾಲ ಎಳೆದು ಬರೆಯುವವರು ಬೇರೆ ಯಾರೂ ಇರಲಿಲ್ಲ.

“ಈ ಹಾಡು ನನಗೆ ಗೊತ್ತಿಲ್ಲಮ್ಮಾ,” ಎಂದ. “ನಾನು ಇದನ್ನ ಕೇಳೇ ಇಲ್ಲ.”

ಈ ಮಾತಿಗೂ, ಅವನ ಮಗಳು ಬಾಗಿಲಲ್ಲಿ ಬಂದು ನಿಲ್ಲುವುದಕ್ಕೂ ಸರಿಹೋಯಿತು.

ಮಗಳು ಶಾಲೆಯೊಂದರಲ್ಲಿ ಗ್ರಂಥಪಾಲಕಿ. ಯಾವುದನ್ನೂ ಬರೆದಿಡದೆ ಬಿಡುವವಳಲ್ಲ. ಮೂರು ತಿಂಗಳಿಂದ ಅವಳ ಚೀಲದಲ್ಲಿ ಒಂದು ಸಣ್ಣ ನೋಟುಬುಕ್ಕಿತ್ತು. ಅದರಲ್ಲಿ ಅಪ್ಪನ ಮರೆವು ತಾರೀಖಿನ ಸಮೇತ ದಾಖಲಾಗಿತ್ತು. ಬೆಸುಗೆ ಕಡ್ಡಿ ಆರಿಸದೆ ಹೋಗಿ ಮೇಜು ಸುಟ್ಟಿದ್ದು. ಶಾಲೆಯ ಮೈಕನ್ನು ಸಭಾಂಗಣಕ್ಕೂ ಸಭಾಂಗಣದ ಮೈಕನ್ನು ಶಾಲೆಗೂ ಕೊಟ್ಟು ಕಳಿಸಿದ್ದು. ಹಾಲು ತರಲು ಹೋಗಿ ಪೇಪರು ತಂದಿದ್ದು, ಅದೂ ಹಿಂದಿನ ದಿನದ್ದು. ಒಟ್ಟು ಆರು. ಸಂಪಾದಕಿ ಹೊರಟ ಮೇಲೆ ಮಗಳು ನೋಟುಬುಕ್ಕು ತೆಗೆದು ಏಳನೆಯದನ್ನು ಬರೆದಳು.

“ಪುಟ್ಟೀ, ಅದು ನಿಜವಾಗ್ಲೂ ನನಗೆ ಗೊತ್ತಿಲ್ದೇ ಇರೋ ಹಾಡು,” ಎಂದ ರೀಲಣ್ಣ.

“ನಿನ್ನ ಸಹಿ ಇದೆಯಲ್ಲಪ್ಪಾ.”

“ಇದೆ.”

“ಮತ್ತೆ?”

ಮಗಳು ಮೊಳೆಯಿಂದ ಬೀಗದ ಕೈ ತೆಗೆದುಕೊಂಡಳು. ಸಿಟ್ಟಿನಿಂದಲ್ಲ; ಮಕ್ಕಳ ಕೈಯಿಂದ ಕತ್ತರಿ ತೆಗೆಯುವ ಹಾಗೆ. “ಮೇಜು ಸುಟ್ಟಾಗ್ಲೇ ಹೇಳಿದ್ದೆ. ಇವತ್ತು ಮೇಜು, ನಾಳೆ ಮನೆ. ತಿಂಗಳ ಕೊನೆಗೆ ಅಂಗಡಿ ಬಿಟ್ಕೊಟ್ಟು ನಮ್ಮನೆಗೆ ಬಾ. ಅಲ್ಲಿ ಬಿಸಿಲು ಬರೋ ಕೋಣೆ ಇದೆ. ಸೋಮವಾರ ಕಟ್ಟಡದ ಮಾಲೀಕರಿಗೆ ಹೇಳ್ತೀನಿ.”

“ಸೋಮವಾರದವರೆಗೆ ಸುಮ್ನಿರು,” ಎಂದ ರೀಲಣ್ಣ. “ಅಷ್ಟ್ರಲ್ಲಿ ನೆನಪು ಮಾಡ್ಕೋತೀನಿ.”

“ನೆನಪಾಗ್ಲಿಲ್ಲ ಅಂದ್ರೆ?”

“ನೀನು ಹೇಳಿದ ಹಾಗೆ.”

ಹೇಳಿದ ಮೇಲೆ ಅವನಿಗೆ ಭಯವಾಯಿತು. ಹಾಲು ಮರೆಯುವುದು ಯಾರಿಗೂ ಆಗುವಂಥದ್ದು. ಆದರೆ ಆ ರೀಲುಗಳು ಹಾಗಲ್ಲ. ಯಾವ ಡಬ್ಬಿಯಲ್ಲಿ ಯಾವ ಹಾಡು, ಯಾವ ಕಡೆ ಯಾರ ಸದ್ದು, ಯಾವ ನಿಮಿಷದಲ್ಲಿ ಯಾರು ಕೆಮ್ಮಿದರು ಎಂದು ನಿದ್ದೆಯಲ್ಲೂ ಹೇಳಬಲ್ಲೆ ಎಂದುಕೊಂಡಿದ್ದ. ಅದೇ ಹೋಗಿದ್ದರೆ, ತಲೆಯೊಳಗೆ ಇನ್ನೇನೇನು ಹೋಗಿದೆಯೋ ಯಾರು ಬಲ್ಲರು?

ಬುಧವಾರ ಅವನು ಸಂಪಾದಕಿ ಬಿಟ್ಟುಹೋಗಿದ್ದ ಡಿಸ್ಕನ್ನು ಮನೆಯಲ್ಲಿ ಹಾಕಿಕೊಂಡು ಕೂತ. ಎರಡನೇ ಸಲ ಕೇಳುವಾಗ ಒಂದು ವಿಷಯ ಮುಳ್ಳಿನ ಹಾಗೆ ಚುಚ್ಚಿತು. ಆರ್ಗನ್ನು ಬಲಗಿವಿಯಲ್ಲಿ ಬರುತ್ತಿತ್ತು. ರೀಲಣ್ಣ ಆರು ವರ್ಷದಲ್ಲಿ ಒಮ್ಮೆಯೂ ಆರ್ಗನ್ನನ್ನು ಬಲಕ್ಕೆ ಇಟ್ಟವನಲ್ಲ. ವೇದಿಕೆಯ ಎಡಕ್ಕೆ ಆರ್ಗನ್ನಿನವನು ನಿಲ್ಲುತ್ತಿದ್ದ, ಆದ್ದರಿಂದ ಟೇಪಿನಲ್ಲೂ ಎಡಕ್ಕೇ. ಅವನ ಕೆಲಸದಲ್ಲಿ ಇಂಥ ಕೆಲವು ಕಟ್ಟುನಿಟ್ಟುಗಳಿದ್ದವು. ಎಡಕ್ಕೆ ಆರ್ಗನ್ನು, ಬಲಕ್ಕೆ ಗಿಟಾರು. ರೀಲಿನ ತಲೆಗೆ ಹಸಿರು ಪಟ್ಟಿ, ಬಾಲಕ್ಕೆ ಕೆಂಪು ಪಟ್ಟಿ. ಅದು ತಪ್ಪಿದರೆ ಅವನಿಗೆ ಊಟ ಸೇರುತ್ತಿರಲಿಲ್ಲ.

ಹೆಡ್‌ಫೋನಿನ ತಂತಿ ಅದಲುಬದಲಾಗಿದೆಯೇ ಎಂದು ಬಿಚ್ಚಿ ನೋಡಿದ. ಸರಿಯಾಗಿತ್ತು. ತನ್ನ ಕಿವಿಯೇ ಅದಲುಬದಲಾಗಿದೆಯೇ ಎಂದು ಒಂದು ಕ್ಷಣ ಯೋಚಿಸಿ, ಅಂಥ ಯೋಚನೆ ಬಂದದ್ದಕ್ಕೆ ಇನ್ನಷ್ಟು ಕಳವಳಪಟ್ಟ. ಕೊನೆಗೆ ಹೆಡ್‌ಫೋನನ್ನೇ ಎಡಬಲ ತಿರುಗಿಸಿ ಹಾಕಿಕೊಂಡು ಕಣ್ಣು ಮುಚ್ಚಿ ಕೂತ. ಆರ್ಗನ್ನು ಎಡಕ್ಕೆ ಬಂತು. ಎಲ್ಲೋ ಏನೋ ಪರಿಚಯದ್ದು ಹೌದೋ ಅಲ್ಲವೋ ಅನ್ನುವಂತೆ ಮಿಸುಕಿತು. ಹಿಡಿಯಲು ಹೋದರೆ ಜಾರಿತು.

“ಅಪ್ಪಾ, ಹೆಡ್‌ಫೋನ್ ಉಲ್ಟಾ ಹಾಕ್ಕೊಂಡಿದೀಯ.” ಊಟದ ಡಬ್ಬಿ ಹಿಡಿದು ಮಗಳು ನಿಂತಿದ್ದಳು.

“ಬೇಕು ಅಂತಾನೇ ಹಾಕ್ಕೊಂಡಿದೀನಿ ಕಣೇ.”

ಮಗಳು ಅಡುಗೆಮನೆಗೆ ಹೋದಳು. ಡಬ್ಬಿ ಇಟ್ಟ ಮೇಲೆ ಚೀಲದ ಜಿಪ್ಪು ಎಳೆದ ಸದ್ದು ಅವನಿಗೆ ಕೇಳಿಸಿತು. ಎಂಟನೆಯದು.

ಗುರುವಾರ ಅವನು ಆರ್ಗನ್ ಮೇಷ್ಟ್ರ ಮನೆಗೆ ಹೋದ. ಬ್ಯಾಂಡಿನಲ್ಲಿ ಮೂರು ಕೀಬೋರ್ಡು ಜೋಡಿಸಿಕೊಂಡು ನಡುವೆ ಕೋಟೆಯೊಳಗಿನ ದೊರೆಯ ಹಾಗೆ ನಿಲ್ಲುತ್ತಿದ್ದವನು ಈಗ ಮುಂದಿನ ಕೋಣೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಾನೆ. ಪಾಠ ಮುಗಿಯುವವರೆಗೆ ರೀಲಣ್ಣ ಹೊರಗೆ ಚಪ್ಪಲಿಗಳ ನಡುವೆ ಕೂತಿದ್ದ. ಒಳಗೆ ಒಂದೇ ಸ್ವರಪಾಠ ಹದಿನಾರು ಸಲ ತಪ್ಪಿತು.

“ಕೇಳ್ದೆ ಕಣೋ, ಕಂಪನಿಯೋರು ನಂಗೂ ಕಳ್ಸಿದಾರೆ,” ಎಂದ ಆರ್ಗನ್ ಮೇಷ್ಟ್ರು. ಕಣ್ಣಲ್ಲಿ ಹಳೆಯ ಹೊಳಪಿತ್ತು. “ನನ್ನ ಜೀವಮಾನದ ಅತ್ಯುತ್ತಮ ಕೆಲಸ. ಮರೆತ್ಬಿಟ್ಯಾ?”

“ನಿನಗೆ ನೆನಪಿದ್ಯಾ?”

“ನೆನಪಿಲ್ದೇ ಏನು! ಸ್ವರ ಉಬ್ಬಿ ಬಂದು ಟಕ್ ಅಂತ ನಿಲ್ಲತ್ತಲ್ಲ, ಅದಕ್ಕೆ ಪೆಡಲು ಒತ್ತಿ ಒತ್ತಿ ಕಾಲು ಬಾತ್ಕೊಂಡಿತ್ತು.”

“ಮತ್ತೆ ಆರ್ಗನ್ನು ಬಲಗಡೆ ಯಾಕಿದೆ? ನಾನು ಯಾವತ್ತೂ…”

“ನಾನೇ ಹೇಳಿದ್ದು, ಬಲಕ್ಕೆ ಇಡು ಅಂತ. ನೀನು ಗೊಣಗಿದೆ. ಆಮೇಲೆ ಇಟ್ಟೆ.” ಮೇಷ್ಟ್ರು ಅವನ ಭುಜ ತಟ್ಟಿದ. “ವಯಸ್ಸಾಯ್ತು ಕಣೋ. ಬಾದಾಮಿ ತಿನ್ನು.”

ರೀಲಣ್ಣನ ಕೈಯಲ್ಲಿದ್ದ ಒಂದೇ ಒಂದು ಹಿಡಿಕೆಯೂ ಹೋಯಿತು. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತು, ತಾನು ಗೊಣಗಿದ್ದನ್ನು ನೆನಪಿಸಿಕೊಳ್ಳಲು ನೋಡಿದ. ಒಂದು ನಿಲ್ದಾಣ ಕಳೆಯುವಷ್ಟರಲ್ಲಿ ಗೊಣಗಿರಬಹುದು ಎನ್ನಿಸಿತು. ಇನ್ನೊಂದು ನಿಲ್ದಾಣಕ್ಕೆ ಗೊಣಗಿದ ಹಾಗೇ ಅನ್ನಿಸಿತು. ಮೂರನೆಯದಕ್ಕೆ, ಹೀಗೆ ಅನ್ನಿಸಿದ್ದೆಲ್ಲ ನೆನಪಾಗುವುದಾದರೆ ನೆನಪು ಎಂದರೇನು ಎಂದು ತಬ್ಬಿಬ್ಬಾಗಿ, ತನ್ನ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಇಳಿದ. ಇದನ್ನು ಮಗಳಿಗೆ ಹೇಳಲಿಲ್ಲ.

ಶುಕ್ರವಾರ ಹಾಡುಗಾರ ಸಿಕ್ಕಿದ್ದು ಕಾರಿನಲ್ಲಿ. ಅವನದು ಡ್ರೈವಿಂಗ್ ಶಾಲೆ. ತಲೆಗೂದಲಿಗೆ ಕಪ್ಪು ಬಳಿದುಕೊಂಡಿದ್ದ, ಹುಬ್ಬನ್ನು ಹಾಗೇ ಬೆಳ್ಳಗೆ ಬಿಟ್ಟಿದ್ದ. ಸ್ಟೀರಿಂಗ್ ಹಿಡಿದವಳು ಐವತ್ತರ ಒಬ್ಬ ದರ್ಜಿ ಹೆಂಗಸು. ರೀಲಣ್ಣ ಹಿಂದಿನ ಸೀಟಿನಲ್ಲಿ ಜೀವ ಕೈಯಲ್ಲಿ ಹಿಡಿದು ಕೂತ.

“ಕೊನೇಲಿ ಬರೋ ಮಂತ್ರ ಇದ್ಯಲ್ಲ,” ಎಂದ ಹಾಡುಗಾರ, ತನ್ನ ಕಡೆಯ ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ, “ಅದು ನಂದು. ಅದು ಭಾಷೆ ಅಲ್ಲ, ಭಾಷೆಗಿಂತ ಮುಂಚಿನದ್ದು. ಎರಡು ಪುಟದ ಲೇಖನ ಬರೆದು ಕಂಪನಿಗೆ ಕೊಟ್ಟೂ ಆಯ್ತು. ಅಕ್ಕಾ, ಕ್ಲಚ್ಚು ಬಿಡಿ, ನಿಧಾನ.”

“ಅದು ನಿನ್ನ ದನಿ ಥರ ಇಲ್ವಲ್ಲೋ.”

“ದನಿ ಬದಲಾಯಿಸಿ ಹೇಳ್ದೆ. ಕಲೆ ಕಣಯ್ಯ, ನಿನಗೆ ತಂತಿ ಬಿಟ್ರೆ ಏನು ಗೊತ್ತು?”

ದರ್ಜಿ ಹೆಂಗಸು ಕನ್ನಡಿಯಲ್ಲಿ ರೀಲಣ್ಣನನ್ನು ನೋಡಿದಳು. “ಅವ್ರಿಗೆ ನೆನಪಿಲ್ವಂತಾ?”

“ಪಾಪ, ಇಲ್ವಂತೆ.”

“ನಮ್ಮ ಮಾವನಿಗೂ ಹಿಂಗೇ ಶುರುವಾಗಿದ್ದು,” ಎಂದು ಆಕೆ ಕಾರನ್ನು ಫುಟ್‌ಪಾತಿನ ಮೇಲೆ ಹತ್ತಿಸಿದಳು.

ಅಂತೂ ಎಲ್ಲರಿಗೂ ನೆನಪಿತ್ತು, ಅವನೊಬ್ಬನನ್ನು ಬಿಟ್ಟು. ಬೇಸ್ ನುಡಿಸುತ್ತಿದ್ದವನು ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಅವನೂ ಬದುಕಿದ್ದರೆ ನೆನಪಿಟ್ಟುಕೊಂಡಿರುತ್ತಿದ್ದ ಎಂದು ರೀಲಣ್ಣನಿಗೆ ಖಾತ್ರಿಯಾಯಿತು. ಶುಕ್ರವಾರ ಸಂಜೆ ಮನೆಯಲ್ಲಿ ಒಂದು ಹಳೆಯ ಸೂಟ್‌ಕೇಸು ತೆಗೆದು, ಮಗಳ ಮನೆಗೆ ಯಾವ ಅಂಗಿ ಒಯ್ಯುವುದು ಎಂದು ಮಡಿಚತೊಡಗಿದ. ಮೂರು ಅಂಗಿ ಮಡಿಚಿ ನಿಲ್ಲಿಸಿದ. ಕೆಳಗೆ ಅಂಗಡಿಯಲ್ಲಿ ಯಾರದೋ ಆಂಪ್ಲಿಫೈಯರು ಬಿಚ್ಚಿದ್ದು ಬಿಚ್ಚಿದಂತೆ ಮೇಜಿನ ಮೇಲಿತ್ತು. ಅದರ ಮೇಲೆ ಧೂಳು ಕೂರುತ್ತಿರುತ್ತದೆ ಎಂಬುದು ಅವನನ್ನು ಅಂಗಿಗಳಿಗಿಂತ ಹೆಚ್ಚು ಕಾಡಿತು.

ಶನಿವಾರ ಡ್ರಮ್ಮಿನವನ ಬೇಕರಿಗೆ ಹೋದದ್ದು ಏನೋ ಗೊತ್ತಾದೀತು ಎಂದಲ್ಲ. ಒಬ್ಬನನ್ನು ಬಿಟ್ಟರೆ ಚೆನ್ನಾಗಿರುವುದಿಲ್ಲ ಎಂದು. ಡ್ರಮ್ಮಿನವನು ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ಬ್ರೆಡ್ಡಿನ ಹಿಟ್ಟು ನಾದುತ್ತಿದ್ದ. ನಾದುವುದೂ ಏಳರ ತಾಳದಲ್ಲೇ. ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಹನ್ನೊಂದು ನಿಮಿಷವೂ ಕೇಳಿದ. ಕೊನೆಗೆ ತಲೆ ಅಲ್ಲಾಡಿಸಿದ.

“ನಂಗೊತ್ತಿಲ್ಲಪ್ಪ.”

ರೀಲಣ್ಣನಿಗೆ ಅವನನ್ನು ತಬ್ಬಿಕೊಳ್ಳಬೇಕು ಅನ್ನಿಸಿತು. “ನಿಜವಾಗ್ಲೂ?”

“ಡ್ರಮ್ಮೇ ಇಲ್ವಲ್ಲೋ ಇದ್ರಲ್ಲಿ. ನಾನಿಲ್ದೇ ಇರೋ ಹಾಡು ನಾನು ಯಾಕೆ ನೆನಪಿಟ್ಕೊಳ್ಲಿ? ಆದ್ರೆ ನಾನೆಲ್ಲಿ ಹೋಗಿದ್ದೆ ಅವತ್ತು?” ಹಿಟ್ಟಿನ ಮೇಲೆ ಒದ್ದೆ ಬಟ್ಟೆ ಹೊದಿಸಿ ಯೋಚಿಸಿದ. “ನಾವು ಅಭ್ಯಾಸ ಮಾಡ್ತಿದ್ದ ಹಾಲ್ ಇತ್ತಲ್ಲ. ಅಲ್ಲೇ ಒಂದ್ಸಲ ದೊಡ್ಡ ಡ್ರಮ್ಮಿನ ಚರ್ಮ ಹರಿದಿತ್ತು ನೋಡು. ಹರಿದಲ್ಲಿಗೆ ಅಂಟಿಸೋಕೆ ನಾನು ನಿನ್ನ ಕೆಂಪು ಪಟ್ಟಿ ಪೂರಾ ಒಂದು ಸುರುಳಿ ಖಾಲಿ ಮಾಡ್ದೆ. ಅದಕ್ಕೆ ನೀನು ಮಾಡಿದ ರಂಪ ಇದೆಯಲ್ಲ, ನನ್ನ ಹೆಂಡತಿನೂ ಅಷ್ಟು ಬೈದಿಲ್ಲ.”

“ಬೈದಿದ್ನಾ?”

“ಪಟ್ಟಿ ಇಲ್ದೇ ಬಾಲ ಯಾವ್ದು, ತಲೆ ಯಾವ್ದು ಅಂತ ಹೆಂಗೆ ಗೊತ್ತಾಗ್ಬೇಕು ಅಂತ ಕೂಗಾಡ್ದೆ. ಕರು ಕಳ್ಕೊಂಡ ಹಸು ಹಾಗೆ ಇತ್ತು ನಿನ್ನ ಅವಸ್ಥೆ.”

ಬೇಕರಿಯಿಂದ ಮನೆಗೆ ಇಪ್ಪತ್ತು ನಿಮಿಷದ ದಾರಿ. ರೀಲಣ್ಣ ನಡೆದೇ ಹೋದ. ಕೆಂಪು ಪಟ್ಟಿ ಖಾಲಿಯಾದದ್ದು ಅವನಿಗೆ ನೆನಪಾಯಿತು. ‘ಅನ್ನಿಸಿದ’ ನೆನಪಲ್ಲ, ನಿಜವಾದದ್ದು. ಡ್ರಮ್ಮಿನ ಮೇಲೆ ಹತ್ತಿದ್ದ ಕೆಂಪು ಗೀಟು ಕಣ್ಣಿಗೆ ಕಟ್ಟಿತು. ಆದರೆ ಅದಾದ ಮೇಲೆ ಏನು? ಅಲ್ಲಿಂದ ಮುಂದೆ ಮತ್ತೆ ಮಂಜು. ಮನೆಯ ಮೆಟ್ಟಿಲು ಹತ್ತುವಾಗ ಅವನಿಗೆ ಹೊಳೆದದ್ದು ಒಂದೇ: ನಾಲ್ಕು ದಿನದಿಂದ ಹಾಡನ್ನು ಕೇಳುತ್ತಿದ್ದೇನೆ, ರೀಲನ್ನು ಒಮ್ಮೆಯೂ ನೋಡಿಲ್ಲ.

ಸೋಮವಾರ ಬೆಳಗ್ಗೆ ಮಗಳು ರಜೆ ಹಾಕಿ ಅವನ ಜೊತೆ ಬಂದಳು. ಒಬ್ಬನನ್ನೇ ಬಿಡುವ ಧೈರ್ಯ ಅವಳಿಗಿರಲಿಲ್ಲ. ಕಟ್ಟಡದವರಿಗೆ ಕೊಡುವ ಪತ್ರವೂ ಚೀಲದಲ್ಲೇ ಇತ್ತು.

ಕಂಪನಿಯ ಕಚೇರಿ ಮೂರನೇ ಮಹಡಿಯಲ್ಲಿ. ಒಂದು ಕೋಣೆ ತುಂಬ ಕಬ್ಬಿಣದ ಕಪಾಟು, ಮೂಲೆಯಲ್ಲಿ ಹಳೆಯ ಕಾಲದ ದೊಡ್ಡ ಟೇಪ್ ಯಂತ್ರ. ಸಂಪಾದಕಿ ಹತ್ತೊಂಬತ್ತನೇ ಡಬ್ಬಿ ತಂದು ಮೇಜಿನ ಮೇಲಿಟ್ಟಳು. “ಮೂರು ಸಾಲು ಬರ್ಕೊಂಡು ಬಂದ್ರಾ ಸರ್?”

“ಇಲ್ಲಮ್ಮ.”

ಮಗಳು ನೆಲ ನೋಡಿದಳು.

ರೀಲಣ್ಣ ಮುಚ್ಚಳ ತೆಗೆದ. ರೀಲಿನ ಹೊರತುದಿಗೆ ಒಂದು ಹಸಿರು ಪಟ್ಟಿ ಅಂಟಿಕೊಂಡಿತ್ತು. ಅವನು ಅದನ್ನು ಬಹಳ ಹೊತ್ತು ನೋಡಿದ. ಬೆರಳಿನಿಂದ ಸವರಿದ. ಅದು ಟೇಪಿಗೆ ಹಾಕುವ ತೆಳ್ಳಗಿನ ಪಟ್ಟಿಯಾಗಿರಲಿಲ್ಲ. ದಪ್ಪ, ರಬ್ಬರಿನಂಥದ್ದು. ಕರೆಂಟಿನ ತಂತಿಗೆ ಸುತ್ತುವಂಥದ್ದು.

“ಇದು ಟೇಪಿನ ಪಟ್ಟಿ ಅಲ್ಲ,” ಎಂದ. “ಆಂಪ್ಲಿಫೈಯರಿನ ವೈರಿಗೆ ಸುತ್ತೋಕೆ ಇಟ್ಕೊಂಡಿದ್ದು ಇದು.”

“ಹಸಿರು ಅಂದ್ರೆ ತಲೆ ತಾನೇ ಸರ್? ನಮ್ಮೋರು ಹಸಿರು ನೋಡಿ ಹಾಗೇ ಯಂತ್ರಕ್ಕೆ ಹಾಕಿದ್ರು. ಬೇರೆ ಇಪ್ಪತ್ತೆರಡಕ್ಕೂ ಕೆಂಪಿತ್ತು, ಅವನ್ನ ಹಿಂದಕ್ಕೆ ಸುತ್ತಿ ಹಾಕಿದ್ರು.”

ಆಗ ರೀಲಣ್ಣನಿಗೆ ಎಲ್ಲವೂ ಒಂದರ ಹಿಂದೊಂದು ಬಂದು ನಿಂತಿತು. ಅವನ ಪದ್ಧತಿಯೇ ಹಾಗಿತ್ತು. ಹಾಡು ಮುಗಿದ ಮೇಲೆ ರೀಲನ್ನು ಹಿಂದಕ್ಕೆ ಸುತ್ತುತ್ತಿರಲಿಲ್ಲ. ಬಾಲ ಹೊರಗೆ, ತಲೆ ಒಳಗೆ. ಹಾಗೆ ಇಟ್ಟರೆ ವರ್ಷಗಟ್ಟಲೆ ಮಂಚದ ಕೆಳಗಿದ್ದರೂ ಸದ್ದಿನ ನೆರಳು ಪಕ್ಕದ ಸುತ್ತಿಗೆ ಕೆಟ್ಟದಾಗಿ ಇಳಿಯುವುದಿಲ್ಲ ಎಂದು ಅವನಿಗೆ ಕೆಲಸ ಕಲಿಸಿದವರು ಹೇಳಿದ್ದರು. ಹೊರತುದಿಗೆ ಕೆಂಪು. ಆದರೆ ಆ ದಿನ ಕೆಂಪು ಡ್ರಮ್ಮಿಗೆ ಹೋಗಿತ್ತು. ಕೈಗೆ ಸಿಕ್ಕಿದ್ದು ಹಸಿರು ವೈರ್ ಪಟ್ಟಿ. ನಾಳೆ ಬದಲಾಯಿಸಿದರಾಯಿತು ಎಂದುಕೊಂಡು ಅದನ್ನೇ ಅಂಟಿಸಿದ್ದ. ಆ ನಾಳೆ ನಲವತ್ತೊಂದು ವರ್ಷವಾದರೂ ಬಂದಿರಲಿಲ್ಲ.

“ಇದು ಬಾಲ,” ಎಂದ. “ನೀವೆಲ್ಲ ಹಾಡನ್ನ ಬಾಲದಿಂದ ತಲೆಗೆ ಕೇಳಿದೀರ. ಅದಕ್ಕೇ ಎಡದ್ದು ಬಲಕ್ಕೆ ಬಂದಿದೆ.”

ಅವನು ರೀಲನ್ನು ಯಂತ್ರಕ್ಕೆ ಹಾಕಿದ. ಮೊದಲು ಪೂರ್ತಿ ಇನ್ನೊಂದು ರೀಲಿಗೆ ಸುತ್ತಿಸಿದ. ತುದಿ ಹಿಡಿದು ತಿರುಗಿಸಿ ಪೋಣಿಸಿದ. ಕೈ ಒಂದು ಸಲವೂ ತಡವರಿಸಲಿಲ್ಲ. ಮಗಳು ಅದನ್ನು ನೋಡುತ್ತಿದ್ದಳು. ಗುಂಡಿ ಒತ್ತಿದ.

ಒಂದು ಸಣ್ಣ ಕೆಮ್ಮು. ಆಮೇಲೆ ಒಬ್ಬ ಯುವಕನ ದನಿ, ಅವಸರದಲ್ಲಿ, ಸ್ವಲ್ಪ ಸಿಟ್ಟಿನಲ್ಲಿ: “ಹತ್ತೊಂಬತ್ತು. ಗಾಜಿನ ಮೆಟ್ಟಿಲು, ಒಂದನೇ ಸಲ. ಡ್ರಮ್ ಇಲ್ಲ.”

ಎಡಗಡೆ ಆರ್ಗನ್ನು ಶುರುವಾಯಿತು. ಬಸ್ಸಿನಲ್ಲಿ ಜನ ಗುನುಗುವ ಅದೇ ಸಾಲು, ಆದರೆ ಇನ್ನೂ ಅರ್ಧವೇ ಕಟ್ಟಿದ ಹಾಡು; ತುಂಬ ನಿಧಾನಕ್ಕೆ, ದಾರಿ ಹುಡುಕಿಕೊಂಡು ಹೋಗುವವರ ಹಾಗೆ. ಸಂಪಾದಕಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ಮಗಳು ಯಂತ್ರದ ಹತ್ತಿರ ಬಂದಳು.

“ಆ ಮಾತು ಯಾರದಪ್ಪ?”

“ನಂದೇ.”

“ನೀನಾ? ನನಗಿಂತ ಚಿಕ್ಕೋನ ಥರ ಇದೀಯ.”

“ಆಗ ನಿನಗಿಂತ ಚಿಕ್ಕೋನೇ ಅಲ್ವೇನೇ.”

ಆಮೇಲಿನ ಅರ್ಧ ಗಂಟೆ ಗಲಿಬಿಲಿಯಲ್ಲೇ ಕಳೆಯಿತು. ಸಂಪಾದಕಿ ಮೊದಲು ಅಚ್ಚಿನವರಿಗೆ ತಡೆಯಲು ಹೇಳಿದಳು. ಆಮೇಲೆ ಆರ್ಗನ್ ಮೇಷ್ಟ್ರಿಗೆ ಫೋನ್ ಮಾಡಿದಳು. ಎಲ್ಲ ಕೇಳಿ ಮೇಷ್ಟ್ರು, “ಉಲ್ಟಾ ಆದ್ರೂ ನುಡ್ಸಿದ್ದು ನಾನೇ ತಾನೇ?” ಎಂದ. ಹಾಡುಗಾರನಿಗೆ ಫೋನನ್ನು ರೀಲಣ್ಣನೇ ಮಾಡಿದ. ಎರಡು ಪುಟದ ಲೇಖನದ ವಿಷಯ ಎತ್ತದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿದ. ಅವನು ನಗಲಿಲ್ಲ, ಬೈಯಲೂ ಇಲ್ಲ.

“ಲೋ,” ಎಂದ ಹಾಡುಗಾರ, ಮೆಲ್ಲಗೆ. “ಹಾಗಾದ್ರೆ ನಂಗೆ ನೆನಪಿದ್ದಿದ್ದು ಯಾವ ಹಾಡು?”

ರೀಲಣ್ಣನಿಗೂ ಗೊತ್ತಿರಲಿಲ್ಲ. ಅದನ್ನೇ ಹೇಳಿದ.

ಸಂಪಾದಕಿ ಕೊನೆಗೆ ಎರಡನ್ನೂ ಹಾಕುವುದೆಂದು ತೀರ್ಮಾನಿಸಿದಳು. ಮೊದಲು ನೇರವಾದದ್ದು, ಡಿಸ್ಕಿನ ಕಟ್ಟಕಡೆಗೆ ಉಲ್ಟಾದ್ದು. ಅದನ್ನು ಬಿಡಲು ಅವಳಿಗೆ ಮನಸ್ಸಾಗಲಿಲ್ಲ, ಅಷ್ಟು ಮೆಚ್ಚಿಕೊಂಡಿದ್ದಳು. ಉಲ್ಟಾ ಹಾಡಿನ ಮುಂದೆ ‘ಮಾತು: ರೀಲಣ್ಣ’ ಎಂದು ಅಚ್ಚಾಗುತ್ತದೆ ಎಂದಳು. ಮೂರು ಸಾಲನ್ನು ಅಲ್ಲೇ ಮೇಜಿನ ಮೇಲೆ ಬರೆಸಿಕೊಂಡಳು. ರೀಲಣ್ಣ ಬರೆದದ್ದು: ‘ಅಭ್ಯಾಸದ ಹಾಲ್‌ನಲ್ಲಿ, ಡ್ರಮ್ಮಿನ ಚರ್ಮ ಹರಿದ ದಿನ. ಆರ್ಗನ್ನು ಎಡಕ್ಕೆ. ಪಟ್ಟಿಯ ಬಣ್ಣ ತಪ್ಪಿದ್ದು ನನ್ನಿಂದ.’

ಕೆಳಗಿಳಿದು ರಸ್ತೆಗೆ ಬಂದಾಗ ಮಗಳು ಅಂದಳು, “ಅಂದ್ರೆ ತಪ್ಪು ನಿಂದೇ.”

“ನಂದೇ ಕಣೇ.” ತನ್ನ ತಪ್ಪಿನ ಬಗ್ಗೆ ಅವನು ಇಷ್ಟು ಖುಷಿಯಾಗಿದ್ದನ್ನು ಅವಳು ಹಿಂದೆ ನೋಡಿರಲಿಲ್ಲ. “ಕೇಳದೇ ಇರೋ ಹಾಡನ್ನ ಕೇಳಿಲ್ಲ ಅಂದೆ ಅಷ್ಟೇ. ಅದು ಮರೆವಲ್ಲ.”

ಅವಳು ನಿಂತು ನೋಟುಬುಕ್ಕು ತೆಗೆದಳು. ಏಳನೆಯ ಸಾಲಿನ ಮೇಲೆ ಗೀಟು ಎಳೆದಳು. ಸ್ವಲ್ಪ ಯೋಚಿಸಿ ಎಂಟನೆಯದರ ಮೇಲೂ ಎಳೆದಳು. ಕಟ್ಟಡದವರ ಪತ್ರವನ್ನು ಎರಡಾಗಿ ಮಡಿಚಿ ಅದರೊಳಗೇ ಇಟ್ಟಳು, ಹರಿಯಲಿಲ್ಲ. ಆಮೇಲೆ ತನ್ನ ಕೀಲಿಗೊಂಚಲಿನಿಂದ ಅಂಗಡಿಯ ಕೈ ಬಿಡಿಸಲು ಹೋದಳು. ಉಂಗುರ ಬಿಗಿಯಾಗಿತ್ತು, ಉಗುರಿಗೆ ಬಗ್ಗಲಿಲ್ಲ. ರೀಲಣ್ಣ ಅಂಗೈ ಚಾಚಿಕೊಂಡು ಕಾಯುತ್ತ ನಿಂತ. ಅಲ್ಲಿಯವರೆಗೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು.

“ಆದ್ರೆ ಪುಟ್ಟೀ, ಮೈಕು ಅದಲುಬದಲು ಮಾಡಿದ್ದು ಯಾಕೆ ಅಂತ ನಂಗೆ ಇವತ್ತಿಗೂ ಗೊತ್ತಿಲ್ಲ. ಗುರುವಾರ ಬಸ್ಸಲ್ಲೂ ಎರಡು ಸ್ಟಾಪು ಮುಂದೆ ಇಳಿದೆ. ಅದನ್ನ ಬರ್ಕೋ.”

ಮಗಳ ಕೈ ನಿಂತಿತು. ಅವನ ಮುಖ ನೋಡಿದಳು. ಬರೆಯಲಿಲ್ಲ. ಮತ್ತೆ ಉಂಗುರಕ್ಕೆ ಉಗುರು ಹಾಕಿ, ಈ ಸಲ ಬಲವಾಗಿ ಎಳೆದು, ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟಳು.

“ಮೂರೂವರೆಗೆ ಬರ್ತೀನಿ, ದಿನಾ,” ಎಂದಳು. “ಬೆಸುಗೆ ಕಡ್ಡಿ ಆರಿಸೋದು ನಾನು.”

“ಆಯ್ತು.”

“ಆಮೇಲೆ ಆ ಕಡ್ಡಿಗೊಂದು ಪಟ್ಟಿ ಅಂಟಿಸು. ಕೆಂಪು ಬಣ್ಣದ್ದು.”